ಮೇಷ್ಟ್ರು ಮಾಡಿದ ನಕಲು

೨೦೧೯ನೆಯ ಇಸವಿ ಜೂನ್ ಎಂಟು, ಶನಿವಾರ. ಬೆಳಗಿನ ಕಾಫಿ ಮುಗಿಸಿದ ಲೋಟವನ್ನು ಮೇಜಿನ ಮೇಲೆ ಠಕ್ಕನೆ ಕುಕ್ಕಿ, ನಿವೃತ್ತ ಗಣಿತದ ಮೇಷ್ಟ್ರು ರಾಜಾಜ್ಞೆ ಹೊರಡಿಸಿದರು:

"ಇವತ್ತು ನಮ್ಮ ಕಂಪ್ಯೂಟರಿಗೆ ದೊಡ್ಡ ಡಿಸ್ಕ್ ಹಾಕ್ತೀನಿ. ಹಳೇದರಲ್ಲಿ ಇರೋದನ್ನೆಲ್ಲ ಹೊಸದಕ್ಕೆ ಸಾಗಿಸ್ತೀನಿ. ನಾನೇ! ಒಬ್ಬನೇ!"

ರಾಜಾಜ್ಞೆಯನ್ನು ಕೇಳಲು ಆ ರಾಜ್ಯದಲ್ಲಿದ್ದ ಪ್ರಜೆ ಒಬ್ಬರೇ. ಆಕೆ ಕಿಟಕಿಯ ಬಳಿ ಕುಳಿತು ಉಲ್ಲನ್ ಟೋಪಿಯೊಂದನ್ನು ಹೆಣೆಯುತ್ತಿದ್ದರು. ತಲೆಯೆತ್ತಲಿಲ್ಲ. ಹೆಣಿಗೆಯ ಕಡ್ಡಿಗಳು ಮಾತ್ರ ಒಂದು ಕ್ಷಣ ನಿಂತು, ವಿಷಯವನ್ನು ಪರಾಂಬರಿಸಿ, ಮತ್ತೆ ಹೊರಟವು.

"ಅಂಗಡಿಯವನೇ ಬಂದು ಹಾಕಿಕೊಡ್ತೀನಿ ಅಂದಿದ್ನಲ್ಲ ರೀ?"

"ಅವನಾ? ಹದಿನೇಳಕ್ಕೆ ಎಂಟು ಕೂಡು ಅಂದ್ರೆ ಫೋನ್ ತೆಗೀತಾನೆ! ಅಂಥವನ ಕೈಗೆ ನಮ್ಮ ಮನೆ ಸಾಮಗ್ರಿ ಕೊಡೋದಾ?"

"ನಲ್ಲಿಗೆ ವಾಷರ್ ಹಾಕೋವಾಗಲೂ ಹೀಗೇ ಅಂದಿದ್ರಿ. ಆಮೇಲೆ ಪಕ್ಕದ ಮನೆಯಿಂದ ಬಿಂದಿಗೆ ಹೊತ್ತವಳು ನಾನು."

"ನಲ್ಲಿ ಬೇರೆ, ಲೆಕ್ಕ ಬೇರೆ. ನಲ್ಲಿಯಲ್ಲಿ ತರ್ಕ ಇಲ್ಲ. ಇದರಲ್ಲಿ ಇರೋದೇ ತರ್ಕ!"

ಈ ತರ್ಕವೆಂಬುದು ಮೇಷ್ಟರ ಪಿತ್ರಾರ್ಜಿತ ಆಸ್ತಿಯಿದ್ದಂತೆ. ಬೇರೆ ಯಾರಿಗೂ ಅದರಲ್ಲಿ ಪಾಲಿರಲಿಲ್ಲ. ಶಾಲೆಯಲ್ಲಿ ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಹದ್ದು. ಪರೀಕ್ಷೆಯ ಕೊಠಡಿಯಲ್ಲಿ ಹದ್ದು ಒಂದು ಸುತ್ತು ಬಂದಿತೆಂದರೆ, ನಕಲು ಚೀಟಿ ಇಟ್ಟುಕೊಂಡವರು ಅದನ್ನು ಅಗಿದು ನುಂಗುತ್ತಿದ್ದರೇ ಹೊರತು ಓದುವ ಧೈರ್ಯ ಮಾಡುತ್ತಿರಲಿಲ್ಲ. "ನನ್ನ ಕಣ್ಣು ತಪ್ಪಿಸಿ ನಕಲು ಮಾಡಿದ ನರಪಿಳ್ಳೆ ಇನ್ನೂ ಹುಟ್ಟಿಲ್ಲ" ಎಂಬುದನ್ನು ಅವರು ನಿವೃತ್ತಿಯ ದಿನದ ಭಾಷಣದಲ್ಲಿ ಹೇಳಿದರು; ಆಮೇಲೂ ಯಾರು ಕೇಳಲಿ, ಬಿಡಲಿ, ಹೇಳುತ್ತಲೇ ಇದ್ದರು.

ಈ ಹದ್ದಿನ ಕೊಕ್ಕಿಗೆ ಸ್ವಂತ ನಾದಿನಿಯೇ ಸಿಕ್ಕಿಬಿದ್ದದ್ದು ಕುಟುಂಬದ ಇತಿಹಾಸದಲ್ಲಿ ಒಂದು ಅಧ್ಯಾಯ. ೧೯೮೭ನೆಯ ಇಸವಿ ಮಾರ್ಚ್ ಹದಿನಾಲ್ಕು, ಅದೂ ಶನಿವಾರವೇ. ಮೇಷ್ಟರಿಗೆ ಮದುವೆಯಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ಹೆಂಡತಿಯ ತಂಗಿ ಪುಟ್ಟಿ ಅದೇ ಶಾಲೆಯಲ್ಲಿ ಓದುತ್ತಿದ್ದಳು. ಚರಿತ್ರೆಯ ಪರೀಕ್ಷೆಯಲ್ಲಿ ಅವಳು ಮುಂದಿನ ಬೆಂಚಿನ ಹುಡುಗಿಯ ಉತ್ತರಪತ್ರಿಕೆಯನ್ನು ಎಷ್ಟು ಶ್ರದ್ಧೆಯಿಂದ ನಕಲು ಮಾಡಿದ್ದಳೆಂದರೆ, ಮೇಲುಗಡೆ ಆ ಹುಡುಗಿಯ ಹೆಸರನ್ನೂ ಬರೆದುಬಿಟ್ಟಿದ್ದಳು! ಮೇಷ್ಟ್ರು ನಂಟು ನೋಡಲಿಲ್ಲ. ಪತ್ರಿಕೆ ಕಿತ್ತುಕೊಂಡು, "ಇನ್ನು ಮುಂದೆ ನಾನು ನಕಲು ಮಾಡುವುದಿಲ್ಲ" ಎಂದು ನೂರು ಸಲ ಬರೆಸಿದರು. ಮಾವನ ಮನೆಯಲ್ಲಿ ಒಂದು ವರ್ಷ ಅವರಿಗೆ ಸಿಕ್ಕ ಕಾಫಿಯಲ್ಲಿ ಸಕ್ಕರೆ ಕಡಿಮೆಯಿತ್ತು. ಪುಟ್ಟಿಗೆ ಈಗ ತಲೆ ನರೆತಿದೆ. ಆದರೂ ಸಂದರ್ಭ ಸಿಕ್ಕಾಗಲೆಲ್ಲ "ಭಾವ, ಆ ನೂರು ಸಾಲಿನ ಋಣ ಒಂದಿನ ತೀರಿಸ್ತೀನಿ" ಎನ್ನದೆ ಬಿಡುವುದಿಲ್ಲ.

ಇಂಥ ಮೇಷ್ಟರ ಮನೆಯಲ್ಲಿ ಯಾವುದಕ್ಕೂ ಎರಡನೆಯ ಪ್ರತಿ ಇರಕೂಡದು ಎಂಬ ಕಾನೂನು ಜಾರಿಯಲ್ಲಿತ್ತು. "ಎರಡು ಪ್ರತಿ ಇದ್ರೆ ಒಂದು ಸುಳ್ಳು" ಎನ್ನುವುದು ಅವರ ಸಿದ್ಧಾಂತ. ಹೆಂಡತಿ ಜೋಪಾನಕ್ಕೆಂದು ಅಲ್ಲಲ್ಲಿ ಇಟ್ಟುಕೊಂಡಿದ್ದ ನಕಲುಗಳನ್ನೆಲ್ಲ ಹೋದ ತಿಂಗಳಷ್ಟೇ ಹುಡುಕಿ ಹುಡುಕಿ ಅಳಿಸಿ, ಕಂಪ್ಯೂಟರನ್ನು ಪರಿಶುದ್ಧಗೊಳಿಸಿದ್ದರು.

ಅದರಲ್ಲಿದ್ದದ್ದಾದರೂ ಏನು? ಮೇಷ್ಟರದು ಎಂದರೆ ಪತ್ರಿಕೆಗಳಿಗೆ ಬರೆದ, ಪ್ರಕಟವಾಗದ ಪತ್ರಗಳು. ಅವು ಹೋದರೆ ಲೋಕಕ್ಕೆ ನಷ್ಟವಿಲ್ಲ. ಆದರೆ ಹೆಂಡತಿಯದು ಹಾಗಲ್ಲ. ಹೆಣಿಗೆಯ ಬಗ್ಗೆ ಆಕೆ ಒಂದು ಪುಸ್ತಕ ಬರೆದಿದ್ದರು. ಒಂಬತ್ತು ವರ್ಷದ ಕೆಲಸ! ಕೂಸಿನ ಕುಲಾವಿಯಿಂದ ಹಿಡಿದು ಮುದುಕರ ಮಫ್ಲರಿನವರೆಗೆ, ಯಾವ ಸಾಲಿನಲ್ಲಿ ಎಷ್ಟು ಕುಣಿಕೆ, ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು, ಎಲ್ಲವನ್ನೂ ಎರಡೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಒತ್ತಿ ಸೇರಿಸಿದ್ದರು. ಪ್ರತಿ ಭಾನುವಾರ ಪುಟ್ಟಿ ಬಂದು ಫೋಟೋಗಳನ್ನು ಅದರಲ್ಲಿ ಕೂರಿಸಿಕೊಡುತ್ತಿದ್ದಳು. "ಪೆನ್ ಡ್ರೈವ್ ಗಿನ್ ಡ್ರೈವ್ ಏನಾದ್ರೂ ತಂದಿದ್ರೆ ಚಪ್ಪಲಿ ಜತೆ ಹೊರಗೇ ಬಿಟ್ಟು ಬಾ" ಎಂದು ಮೇಷ್ಟ್ರು ಬಾಗಿಲಲ್ಲೇ ಎಚ್ಚರಿಸುತ್ತಿದ್ದರು. ಆಮೇಲೆ ಕಾವಲಿಗೆಂದು ಪಕ್ಕದಲ್ಲೇ ಆರಾಮಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಆ ಪುಸ್ತಕ ಸೋಮವಾರ ಅಚ್ಚಿಗೆ ಹೋಗಬೇಕು. ಮುದ್ರಕ ಕಾಯುತ್ತಿದ್ದಾನೆ. ಮುಖಪುಟದ ಮೇಲೆ ಬರಬೇಕಾದ ಟೋಪಿಯೇ ಈಗ ಕಿಟಕಿಯ ಬಳಿ ಕಡ್ಡಿಯ ಮೇಲಿರುವುದು.

"ಸೋಮವಾರ ಕಳೀಲಿ, ಆಮೇಲೆ ಮಾಡಬಹುದಲ್ಲ?" ಎಂದರು ಹೆಂಡತಿ.

"ಸೋಮವಾರ ಪೂರ್ತಿ ಪುಸ್ತಕನ ಒಟ್ಟು ಮಾಡಿ ಕೊಡಬೇಕಲ್ಲ, ಹಳೇ ಡಿಸ್ಕಿನಲ್ಲಿ ಜಾಗ ಎಲ್ಲಿದೆ? ಒಂದು ಫೋಟೋ ಸೇರಿಸಿದ್ರೆ ಏದುಸಿರು ಬಿಡುತ್ತೆ. ನಿನಗೋಸ್ಕರಾನೇ ಮಾಡ್ತಿರೋದು!"

ಅದು ನಿಜ. ಮೇಷ್ಟರ ಎದೆಯಲ್ಲಿ ಆ ಪುಸ್ತಕದ ಬಗ್ಗೆ ದೊಡ್ಡ ಹೆಮ್ಮೆಯಿತ್ತು. ಅದನ್ನು ಹೇಳಿದರೆ ಶಿಸ್ತು ಕೆಡುತ್ತದೆಂದು ಹೇಳಿರಲಿಲ್ಲ, ಅಷ್ಟೆ.

ಹೀಗೆ ಕಾರ್ಯ ಆರಂಭವಾಯಿತು. ಕಂಪ್ಯೂಟರಿನ ಡಬ್ಬಿಯ ಮುಚ್ಚಳ ಬಿಚ್ಚಿ, ತಿರುಪುಗಳನ್ನು ಬಟ್ಟಲಲ್ಲಿ ಹಾಕಿಟ್ಟು, ಹೊಸ ಡಿಸ್ಕನ್ನು ಹಳೆಯದರ ಪಕ್ಕದಲ್ಲೇ ಕೂರಿಸಿದರು. ವ್ಯವಸ್ಥೆಯಿರಬೇಕಲ್ಲ? ಹಳೆಯದರ ಮೇಲೆ "೧" ಎಂದೂ ಹೊಸದರ ಮೇಲೆ "೨" ಎಂದೂ ದುಂಡಗೆ ಬರೆದ ಚೀಟಿ ಅಂಟಿಸಿದರು. ಹಿರಿಯರಿಗೆ ಮೊದಲ ಸ್ಥಾನ! ನಕಲು ಮಾಡುವ ಪ್ರೋಗ್ರಾಮನ್ನು ಅಂಗಡಿಯವನು ಒಂದು ಪೆನ್ ಡ್ರೈವಿನಲ್ಲಿ ಹಾಕಿಕೊಟ್ಟಿದ್ದ. ಕೊಡುವಾಗ, "ಸಾರ್, ಡಿಸ್ಕ್ ನಂಬರ್ ಸರಿಯಾಗಿ ನೋಡ್ಕೊಳ್ಳಿ. ಡೌಟ್ ಬಂದ್ರೆ ಒಂದು ಫೋನ್ ಮಾಡಿ" ಎಂದಿದ್ದ.

"ಡೌಟಾ? ನನಗಾ?" ಎಂದು ಮೇಷ್ಟ್ರು ಅವನನ್ನು ಹಿಂದಿನ ಬೆಂಚಿನ ಹುಡುಗನನ್ನು ನೋಡುವಂತೆ ನೋಡಿ ಬಂದಿದ್ದರು.

ಪ್ರೋಗ್ರಾಮು ತೆರೆಯಿತು. ಪರದೆಯ ಮೇಲೆ ಎರಡೇ ಸಾಲು. ಮೊದಲನೆಯದು ಡಿಸ್ಕ್ ಸೊನ್ನೆ, ಅದರ ಮುಂದೆ ಐನೂರು ಎಂಬ ಅಂಕಿ. ಎರಡನೆಯದು ಡಿಸ್ಕ್ ಒಂದು, ಅದರ ಮುಂದೆ ಎರಡು ಸಾವಿರ. ಯಾವುದರಿಂದ ಯಾವುದಕ್ಕೆ ನಕಲು ಮಾಡಬೇಕು ಎಂಬ ಪ್ರಶ್ನೆ ಕೆಳಗೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಎರಡು ಎಂಬ ಡಿಸ್ಕೇ ಇಲ್ಲ! ಸೊನ್ನೆಯಂತೆ, ಒಂದಂತೆ!

"ಇದನ್ನ ಮಾಡಿದವನು ಯಾವ ಶಾಲೇಲಿ ಓದಿದ್ನೋ!" ಎಂದು ಗರ್ಜಿಸಿದರು. "ಸೊನ್ನೆಯಿಂದ ಯಾರಾದ್ರೂ ಎಣಿಸ್ತಾರಾ? ಮಗು ಹುಟ್ಟಿದ್ರೆ ಸೊನ್ನೆನೇ ಮಗು ಅಂತಾರಾ?"

"ಅಂಗಡಿಯವನಿಗೆ ಫೋನ್ ಮಾಡ್ರೀ," ಎಂಬ ದನಿ ಕಿಟಕಿಯ ಕಡೆಯಿಂದ ಬಂತು.

"ಬೇಕಿಲ್ಲ! ತರ್ಕದಿಂದ ಬಿಡಿಸ್ತೀನಿ."

ಬಿಡಿಸಿದರು. ಹಳೆಯ ಡಿಸ್ಕಿನ ಮೇಲೆ ಸ್ವಹಸ್ತದಿಂದ ಒಂದು ಎಂದು ಬರೆದಿರುವುದರಿಂದ, ಪರದೆಯ ಮೇಲಿನ ಒಂದೂ ಹಳೆಯದೇ. ಇನ್ನು ಸೊನ್ನೆಯೆಂದರೆ ಏನೂ ಇಲ್ಲದ್ದು. ಏನೂ ಇಲ್ಲದಿರುವುದು ಹೊಸ ಡಿಸ್ಕಿನಲ್ಲಿ. ಆದ್ದರಿಂದ ಸೊನ್ನೆಯೇ ಹೊಸದು. ಸಾಲದ್ದಕ್ಕೆ ಒಂದರ ಮುಂದೆ ಎರಡು ಸಾವಿರವೆಂಬ ದೊಡ್ಡ ಅಂಕಿಯಿದೆ. ತುಂಬಿ ತುಳುಕುತ್ತಿರುವುದು ಹಳೆಯದಲ್ಲವೇ? ದೊಡ್ಡ ಅಂಕಿ ಅದಕ್ಕಲ್ಲದೆ ಇನ್ನಾವುದಕ್ಕೆ? ಹೀಗೆ ಮೂರು ದಿಕ್ಕಿನಿಂದಲೂ ಸಾಧಿತವಾದ ಪ್ರಮೇಯವನ್ನು ಅವರು ಕಣ್ಣು ಮುಚ್ಚಿ ಸವಿದರು. ಆ ಅಂಕಿ ಡಿಸ್ಕಿನಲ್ಲಿ ಏನಿದೆ ಎನ್ನುವುದಲ್ಲ, ಎಷ್ಟು ಹಿಡಿಯುತ್ತದೆ ಎನ್ನುವುದು ಎಂಬ ಚಿಕ್ಕ ಸಂಗತಿ, ಬಿಂದಿಗೆ ನೋಡಿ ಅಷ್ಟೇ ನೀರಿದೆ ಎಂದುಕೊಂಡವರಂತೆ, ಅವರಿಗೆ ಹೊಳೆಯಲೇ ಇಲ್ಲ.

ಒಂದರಿಂದ ಸೊನ್ನೆಗೆ ಎಂದು ಒತ್ತಿದರು.

ಕೆಂಪು ಅಕ್ಷರ ಮೂಡಿತು: ಡಿಸ್ಕ್ ಸೊನ್ನೆಯಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಖಚಿತವೇ?

"ಖಾಲಿ ಹಲಗೆ ಒರೆಸೋಕೆ ಅಪ್ಪಣೆ ಬೇರೆ ಕೇಳುತ್ತೆ ನೋಡು!" ಎಂದು ನಕ್ಕು, ಹೌದು ಎಂದು ಗುದ್ದಿದರು.

ಹಸಿರು ಪಟ್ಟಿಯೊಂದು ಪರದೆಯ ಎಡತುದಿಯಿಂದ ತೆವಳತೊಡಗಿತು. ಮೇಷ್ಟರ ಮುಖ ಮದುವೆಮನೆಯ ಹಿರಿಯನಂತೆ ಅರಳಿತು.

"ಏ, ಬಾ ಇಲ್ಲಿ, ನೋಡು! ನಿನ್ನ ಟೋಪಿ, ನಿನ್ನ ಸ್ವೆಟರು, ಒಂಬತ್ತು ವರ್ಷದ್ದೆಲ್ಲ ಹೋಗ್ತಾ ಇದೆ!"

"ಎಲ್ಲಾನೂ ಹೋಗ್ತಾ ಇದ್ಯಾ?"

"ಒಂದು ಕುಣಿಕೆ ಬಿಡದ ಹಾಗೆ ಹೋಗ್ತಾ ಇದೆ!"

ಡಿಸ್ಕಿನ ವಿಷಯದಲ್ಲಿ ಆ ದಿನ ಮೇಷ್ಟರ ಬಾಯಿಂದ ಹೊರಟ ಏಕೈಕ ಸತ್ಯವಾಕ್ಯ ಅದು.

ಪಟ್ಟಿ ಮಧ್ಯಾಹ್ನವೆಲ್ಲ ತೆವಳಿತು. ಮೇಷ್ಟ್ರು ಆರಾಮಕುರ್ಚಿಯಲ್ಲಿ ಕುಳಿತು ಕಾವಲಿದ್ದರು. ಅಂದರೆ ಗೊರಕೆ ಹೊಡೆದರು. ಬಿಸಿಲು ಕಿಟಕಿಯಿಂದ ಇಳಿದು ಗೋಡೆಗೆ ಹತ್ತುವ ಹೊತ್ತಿಗೆ ಯಂತ್ರ ಕೂಗಿತು: ಮುಗಿಯಿತು.

ಮೇಷ್ಟ್ರು ಎದ್ದು, ಅಂಗಿ ಸರಿಮಾಡಿಕೊಂಡು, ಕಂಪ್ಯೂಟರನ್ನು ಹೊಸದಾಗಿ ಚಾಲೂ ಮಾಡಿದರು. ಕಪ್ಪು ಪರದೆ. ಮತ್ತೊಮ್ಮೆ ಮಾಡಿದರು. ಕಪ್ಪು ಪರದೆ. ಪೆನ್ ಡ್ರೈವ್ ಚುಚ್ಚಿ ಡಿಸ್ಕುಗಳ ಒಳಗೆ ಇಣುಕಿದರು. ಹೊಸದು ಖಾಲಿ. ಸರಿ, ಹಳೆಯದನ್ನು ನೋಡೋಣವೆಂದರೆ ಅದೂ ಖಾಲಿ. ಅಂತಿಂಥ ಖಾಲಿಯಲ್ಲ, ಇದನ್ನು ನೋಡಿ ಅದನ್ನು ಬರೆದಂತೆ, ಅಚ್ಚುಕಟ್ಟಾಗಿ, ಒಂದೇ ಸಮನಾಗಿ ಖಾಲಿ.

ಜೀವಮಾನವೆಲ್ಲ ಪಕ್ಕಪಕ್ಕದ ಉತ್ತರಪತ್ರಿಕೆಗಳನ್ನು ಜೋಡಿಸಿ ನೋಡಿದ ಕಣ್ಣಲ್ಲವೇ! ಯಾರದನ್ನು ನೋಡಿ ಯಾರು ಬರೆದರೆಂಬುದು ಅವರಿಗೆ ಕ್ಷಣಾರ್ಧದಲ್ಲಿ ತಿಳಿದುಹೋಯಿತು. ತರಗತಿಯ ಬುದ್ಧಿವಂತನನ್ನು ಎಬ್ಬಿಸಿ, ಅವನು ಬರೆದದ್ದನ್ನೆಲ್ಲ ಒರೆಸಿಹಾಕಿ, ಖಾಲಿ ಹಾಳೆ ಕೊಟ್ಟ ದಡ್ಡನದನ್ನು ನೋಡಿ ಬರೆ ಎಂದು ಕೂರಿಸಿದ್ದರು. ಮಧ್ಯಾಹ್ನವೆಲ್ಲ ಆ ಹಸಿರು ಪಟ್ಟಿ ಮೈಮುರಿದು ಸಾಗಿಸಿದ್ದು ಶೂನ್ಯವನ್ನು!

ಅಂಗಡಿಯವನಿಗೆ ಫೋನ್ ಮಾಡಿದರು.

"ಒಂದರಿಂದ ಸೊನ್ನೆಗೆ ಕೊಟ್ರಾ ಸಾರ್?" ಆ ಕಡೆ ಉಸಿರು ಎಳೆದುಕೊಂಡ ಸದ್ದು. "ಸಾರ್, ಯಂತ್ರದ ಎಣಿಕೆ ಯಾವಾಗಲೂ ಸೊನ್ನೆಯಿಂದ. ನಿಮ್ಮ ಹಳೇದೇ ಸೊನ್ನೆ. ಈ ಪ್ರೋಗ್ರಾಮು ಮೂಲೆ ಮೂಲೆಗೂ ಬರೆದುಬಿಡುತ್ತೆ. ಇನ್ನು ದೇವರು ಬಂದ್ರೂ ತೆಗೆಯೋಕಾಗಲ್ಲ. ಇನ್ನೊಂದು ಕಾಪಿ ಇದೆ ತಾನೆ?"

ಮೇಷ್ಟ್ರು ಫೋನ್ ಇಟ್ಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಈ ದೊಣ್ಣೆ ಒಂದು ಮಧ್ಯಾಹ್ನವೆಲ್ಲ ತಾಳ್ಮೆಯಿಂದ ಕೆಲಸ ಮಾಡಿತ್ತು, ಅಷ್ಟೇ ವ್ಯತ್ಯಾಸ.

ಹೆಂಡತಿಗೆ ಹೇಳಲೇಬೇಕು. ಕೋಣೆಯಿಂದ ಕಿಟಕಿಯವರೆಗಿನ ದಾರಿ ಅಷ್ಟು ಉದ್ದವಿದೆಯೆಂದು ಅವರಿಗೆ ಅಂದೇ ಗೊತ್ತಾದದ್ದು.

"ನೋಡು... ಒಂದು ಸಣ್ಣ ಲೆಕ್ಕದ ತಪ್ಪು..."

ಆಕೆ ತಲೆಯೆತ್ತಿದರು. ಗಂಡನ ಮುಖ ನೋಡಿದರು. ಕಡ್ಡಿಗಳು ನಿಂತವು.

"ಪುಸ್ತಕ?"

ಮೇಷ್ಟ್ರು ತಲೆಯಾಡಿಸಿದರು.

ಬೈಗುಳಕ್ಕೆ ಅವರು ಸಿದ್ಧರಾಗಿ ನಿಂತಿದ್ದರು, ಬಂದಿದ್ದರೆ ಹಾಯೆನಿಸುತ್ತಿತ್ತು. ಆಕೆ ಮುಗಿಯುತ್ತ ಬಂದಿದ್ದ ಟೋಪಿಯನ್ನು ಮಡಿಲಲ್ಲಿಟ್ಟು, ಅದರ ಅಂಚನ್ನು ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ, "ಬೆಳಿಗ್ಗೆಯಿಂದ ಸರಿಯಾಗಿ ಊಟಾನೂ ಮಾಡಿಲ್ಲ ನೀವು. ಕೈಕಾಲು ತೊಳ್ಕೊಂಡು ಬನ್ನಿ, ಬಡಿಸ್ತೀನಿ" ಎಂದರು.

ನಲ್ಲಿಯ ವಾಷರಿನ ಪ್ರಕರಣದಲ್ಲಿ ಹದಿನೈದು ದಿನ ಬೈದಿದ್ದ ಹೆಂಡತಿ ಇವತ್ತು ಬಡಿಸುತ್ತೇನೆಂದಳಲ್ಲ! ಅನ್ನದ ತಟ್ಟೆಯ ಮುಂದೆ ಕುಳಿತವರು ಲೆಕ್ಕದ ಹುಡುಗನಂತೆ ಬೆರಳಿನಿಂದ ಅಗುಳು ಎಣಿಸಿದರೇ ವಿನಾ ಒಂದು ತುತ್ತೂ ಒಳಗಿಳಿಯಲಿಲ್ಲ.

ಆಕೆ ಒಳಗೆ ಹೋಗಿ ತಂಗಿಗೆ ಫೋನ್ ಮಾಡಿದರು. "ನಾಳೆ ಬರಬೇಡ ಪುಟ್ಟಿ... ಇಲ್ಲ, ಫೋಟೋ ಹಾಕೋದು ಏನಿಲ್ಲ... ಪುಸ್ತಕ ಹೋಯ್ತು ಕಣೇ. ಪೂರ್ತಿ ಹೋಯ್ತು... ಅವರು ಬೇಕೂಂತ ಮಾಡಿದ್ದಲ್ಲ, ಅವರಿಗೇನೂ ಅನ್ನಬೇಡ."

ಆ ಕಡೆಯಿಂದ ಪುಟ್ಟಿಯ ದನಿ ಬಂತು: "ಭಾವನ ಕೈಗೆ ಫೋನ್ ಕೊಡಕ್ಕ."

ಮೇಷ್ಟ್ರು ನೇಣಿಗೆ ಹೋಗುವವನಂತೆ ಫೋನ್ ಹಿಡಿದರು.

"ಭಾವ, ಒಂದು ನಿಜ ಹೇಳ್ತೀನಿ. ಬೈಯಬಾರದು."

"ಬೈಯೋ ಯೋಗ್ಯತೆ ನನಗೆಲ್ಲಿ ಉಳಿದಿದೆಯಮ್ಮ?"

"ಪುಸ್ತಕ ನನ್ನ ಹತ್ರ ಇದೆ."

"ಏನಂದೆ?"

"ನಕಲು ಮಾಡ್ಕೊಂಡಿದ್ದೀನಿ. ಹೋದ ಭಾನುವಾರದವರೆಗೂ ಪೂರ್ತಿ! ವಾರಾವಾರ ಮಾಡ್ಕೋತಿದ್ದೆ. ಅಕ್ಕ ಕಾಫಿ ಮಾಡೋಕೆ ಒಳಗೆ ಹೋಗ್ತಿದ್ಲಲ್ಲ, ಆಗ."

"ನಾನು ಪಕ್ಕದಲ್ಲೇ ಕೂತಿರ್ತಿದ್ನಲ್ಲ!"

"ಕೂತಿರ್ತಿದ್ರಿ ಭಾವ. ನಿಮ್ಮ ಗೊರಕೆ ಒಂದೇ ಶ್ರುತಿಯಲ್ಲಿ ಇರೋವರೆಗೂ ಹೆದರಿಕೆ ಇಲ್ಲ ಅಂತ ಗುರುತು ಇಟ್ಕೊಂಡಿದ್ದೆ."

ಹದ್ದಿನ ರೆಕ್ಕೆ ಮುರಿದು ಬಿತ್ತು. ನಿವೃತ್ತಿಯ ಭಾಷಣ ಮಣ್ಣಾಯಿತು. ಆದರೂ ಆ ಕ್ಷಣ ಮೇಷ್ಟರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಫೋನನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಅದಕ್ಕೇ ಕೈಮುಗಿದುಬಿಟ್ಟರು. "ನೀನು ಕದ್ದೆಯಲ್ಲ ತಾಯಿ, ನಿನ್ನ ಹೊಟ್ಟೆ ತಣ್ಣಗಿರಲಿ!"

ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಹೆಂಡತಿ ಫೋನ್ ಕಿತ್ತುಕೊಂಡರು. ಕಣ್ಣಲ್ಲಿ ನೀರು, ಬಾಯಲ್ಲಿ ಕಿಡಿ. "ಯಾಕೆ ಕದ್ದೆಯೇ?"

"ನನ್ನ ಹೆಣಿಗೆ ಕ್ಲಾಸಿಗೆ ಅಕ್ಕ. ನನ್ನದೇ ಡಿಸೈನ್ ಅಂತ ಹೇಳಿಕೊಡ್ತಿದ್ದೆ..."

"ಕಳ್ಳಿ! ಆ ಮೊಲದ ಕಿವಿ ಟೋಪೀನೂ?"

"ಅದೇ ಎಲ್ಲರಿಗೂ ಇಷ್ಟ ಅಕ್ಕ."

ಅಕ್ಕ ಬೈಯಲೆಂದು ಬಾಯಿ ತೆರೆದರು, ಬಂದದ್ದು ನಗು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರು ಸದ್ದಿಲ್ಲದೆ ಹೋಗಿ, ಆರಿಹೋಗಿದ್ದ ತಟ್ಟೆಯ ಮುಂದೆ ಕುಳಿತು, ಎರಡು ಸಲ ಬಡಿಸಿಕೊಂಡು ಉಂಡರು.

ಭಾನುವಾರ ಬೆಳಿಗ್ಗೆ ಪುಟ್ಟಿ ಬಂದಳು. ಚಪ್ಪಲಿ ಹೊರಗೆ ಬಿಟ್ಟಳು. ಪೆನ್ ಡ್ರೈವನ್ನು ಮಾತ್ರ ಮೆರವಣಿಗೆಯಂತೆ ಎತ್ತಿ ಹಿಡಿದುಕೊಂಡು ಒಳಗೆ ಬಂದಳು. ಹಿಂದೆಯೇ ಅಂಗಡಿಯವನೂ ಬಂದು, ತುಟಿ ಕಚ್ಚಿಕೊಂಡು ನಗು ತಡೆಯುತ್ತ, ಹೊಸ ಡಿಸ್ಕನ್ನು ಸಿದ್ಧಮಾಡಿಕೊಟ್ಟು ಹೋದ. ಪುಸ್ತಕ ತೆರೆಯಿತು. ಒಂದು ಕುಣಿಕೆಯೂ ತಪ್ಪಿರಲಿಲ್ಲ. ಆದರೆ ಮೊದಲ ಪುಟದಲ್ಲಿ, ಬರೆದವರ ಹೆಸರಿದ್ದ ಜಾಗದಲ್ಲಿ, ಅಕ್ಕನ ಹೆಸರು ಹೋಗಿ ತಂಗಿಯ ಹೆಸರು ಕುಳಿತಿತ್ತು!

"ಇದೇನಮ್ಮ ಇದು?" ಎಂದರು ಮೇಷ್ಟ್ರು.

"ಆವತ್ತು ಹೆಸರನ್ನೂ ನಕಲು ಮಾಡಿ ಸಿಕ್ಕಿಬಿದ್ದೆ. ಈ ಸಲ ಅದೊಂದನ್ನ ಬದಲಾಯಿಸಿದ್ದೆ. ಪಾಠ ಕಲಿಸಿದವರು ನೀವೇ ಅಲ್ವಾ ಭಾವ?"

ಅಕ್ಕ ತಂಗಿಯ ತಲೆಗೊಂದು ಮೊಟಕಿ, ಎರಡು ಬೆರಳಿನಲ್ಲಿ ತನ್ನ ಹೆಸರನ್ನು ಮತ್ತೆ ಹೊಡೆದರು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಈ ಪುಸ್ತಕವನ್ನು ಕದ್ದು ಕಾಪಾಡಿದ ತಂಗಿಗೆ." ಸ್ವಲ್ಪ ಯೋಚಿಸಿ, "ಗೊರಕೆ ಹೊಡೆದು ಸಹಕರಿಸಿದ ಯಜಮಾನರಿಗೆ" ಎಂದೂ ಹೊಡೆದರು. ಮೇಷ್ಟ್ರು ಓದಿದರು. ಎದುರಾಡಲಿಲ್ಲ. ಅಚ್ಚಿನಲ್ಲಿ ತಮ್ಮ ಬಗ್ಗೆ ಬರಲಿದ್ದ ಮೊದಲ ಸಾಲು ಅದು.

"ಅದೆಲ್ಲ ಸರಿ ಭಾವ," ಎಂದಳು ಪುಟ್ಟಿ, ಸೊಂಟದ ಮೇಲೆ ಕೈಯಿಟ್ಟು. "ನನ್ನ ಋಣ? ನೂರು ಸಾಲು!"

"ಏನಂತ ಬರೀಲಿ?"

"ನಕಲು ಮಾಡಿಟ್ಟುಕೊಳ್ಳುವುದು ಜಾಣರ ಲಕ್ಷಣ."

ಮೇಷ್ಟ್ರು ಗೀಟೆಳೆದ ಹಾಳೆಗಳನ್ನು ತೆಗೆದುಕೊಂಡು ಮೇಜಿನ ಮುಂದೆ ಕುಳಿತರು. ಅಕ್ಕತಂಗಿಯರು ಪುಸ್ತಕದ ಕೊನೆಯ ಪುಟ ತಿದ್ದಿ, ಮುಖಪುಟದ ಟೋಪಿ ಮುಗಿಸಿ, ಎರಡು ಸಲ ಕಾಫಿ ಕುಡಿಯುವಷ್ಟರಲ್ಲಿ ಅವರೂ ಮುಗಿಸಿದರು. ಒಂದೊಂದು ಅಕ್ಷರವೂ ಮುತ್ತು ಪೋಣಿಸಿದಂತೆ. ಒಂದೊಂದು ಸಾಲಿನ ಎಡಕ್ಕೂ ಕ್ರಮಸಂಖ್ಯೆ.

"ರೀ, ಇದಕ್ಕಾದ್ರೂ ಒಂದು ನಕಲು ಇಟ್ಕೊಂಡ್ರಾ?" ಎಂದರು ಹೆಂಡತಿ.

ಮೇಷ್ಟ್ರು ಗಂಭೀರವಾಗಿ ಕೆಳಗಿನಿಂದ ಇನ್ನೊಂದು ಕಟ್ಟು ಹಾಳೆ ಎಳೆದು ತೋರಿಸಿದರು. ನಡುನಡುವೆ ಕಾರ್ಬನ್ ಕಾಗದ ಇಟ್ಟೇ ಬರೆದಿದ್ದರು.

ಪುಟ್ಟಿ ಮಾತ್ರ ಸುಲಭಕ್ಕೆ ಬಿಡುವವಳಲ್ಲ. ಕೊನೆಯ ಹಾಳೆ ತಿರುವಿ, ಕೊನೆಯ ಸಾಲಿನ ಅಂಕಿ ನೋಡಿದವಳೇ ಕೂಗಿದಳು:

"ಅಕ್ಕಾ, ಹಿಡಿದೆ! ತೊಂಬತ್ತೊಂಬತ್ತಕ್ಕೇ ನಿಲ್ಲಿಸಿದ್ದಾರೆ! ಶಿಕ್ಷೆಯಲ್ಲೂ ಒಂದು ಸಾಲು ನುಂಗಿದ್ದಾರೆ ನಿನ್ನ ಗಂಡ!"

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ, ಅದನ್ನು ಜೇಬಿಗೆ ಸಿಕ್ಕಿಸಿ, ತಗ್ಗಿದ ದನಿಯಲ್ಲಿ ಹೇಳಿದರು:

"ನುಂಗಿಲ್ಲಮ್ಮ. ಮೊದಲನೇ ಹಾಳೆ ನೋಡು. ಸೊನ್ನೆಯಿಂದ ಎಣಿಸಿದ್ದೀನಿ."